ಕಾಟ್‌ನಿಂದ ಹಾಸಿಗೆಗೆ: ಕಂಬಿಯ ಕೆಲಸವನ್ನು ಇನ್ನು ಯಾರು ಮಾಡಬೇಕು?

ಎರಡು ವರ್ಷದ ಮಗು ಕಾಟ್‌ನ, ಅಂದರೆ ನಾಲ್ಕೂ ಕಡೆ ಕಂಬಿ ಇರುವ ಮಕ್ಕಳ ಮಂಚದ, ಕಂಬಿಯ ಮೇಲೆ ಒಂದು ಕಾಲು ಎತ್ತಿ ಹಾಕಿತು ಅಂದರೆ ಮನೆಯಲ್ಲಿ ಮಾತು ಶುರುವಾಗುತ್ತದೆ. ಇನ್ನು ಇದರಲ್ಲಿ ಮಲಗಿಸುವುದು ಸರಿಯಲ್ಲ ಎನ್ನುತ್ತಾರೆ ಒಬ್ಬರು. ಇಷ್ಟು ಬೇಗ ಮಂಚ ಯಾಕೆ ಎನ್ನುತ್ತಾರೆ ಇನ್ನೊಬ್ಬರು. ನಮ್ಮ ಸಂಗಡ ಮಲಗಿಸಿಕೊಂಡರಾಯಿತು, ನೀವೆಲ್ಲ ಹಾಗೇ ಬೆಳೆದವರಲ್ವಾ ಎನ್ನುತ್ತಾರೆ ಅಜ್ಜಿ. ಮೂರೂ ಮಾತಲ್ಲಿ ಹುರುಳಿದೆ. ಆದರೆ ತೀರ್ಮಾನ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಕಂಬಿಗಳು ಇಷ್ಟು ದಿನ ಏನು ಕೆಲಸ ಮಾಡುತ್ತಿದ್ದವು?

ಮಗು ಬೀಳದಂತೆ ತಡೆಯುತ್ತಿದ್ದವು ಎನ್ನುವುದು ಅರ್ಧ ಉತ್ತರ. ಈ ವಯಸ್ಸಿನ ಮಕ್ಕಳ ನಿದ್ದೆ ಸುಮಾರು ಒಂದೊಂದು ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಗು ಸ್ವಲ್ಪ ಎಚ್ಚರವಾಗುತ್ತದೆ. ಕಾಟ್‌ನಲ್ಲಿದ್ದರೆ ಎದ್ದು ಹೋಗಲು ದಾರಿ ಇಲ್ಲ. ಕಣ್ಣು ಬಿಡುತ್ತದೆ, ಹೊರಳುತ್ತದೆ, ಮತ್ತೆ ಮಲಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಕಂಬಿ ಹೋದ ರಾತ್ರಿ ಅದೇ ಎಚ್ಚರದ ಗಳಿಗೆಯಲ್ಲಿ ಮಗುವಿಗೆ ಹೊಸದೊಂದು ದಾರಿ ಸಿಗುತ್ತದೆ. ಎದ್ದು ನಡೆಯಬಹುದು.

ಹಾಗಾಗಿ ಇದು ಬರೀ ಪೀಠೋಪಕರಣ ಬದಲಿಸುವ ಕೆಲಸ ಅಲ್ಲ. ಕಂಬಿ ಮಾಡುತ್ತಿದ್ದ ಕೆಲಸವನ್ನು ಹಂಚಿಕೊಡುವ ಕೆಲಸ. ಮೊದಲ ಪಾಲು ಕೋಣೆಗೆ. ಎರಡನೆಯದು ಮನೆಯವರಿಗೆ. ಕೊನೆಯದು, ನಿಧಾನವಾಗಿ, ಮಗುವಿಗೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲ ಪಾಲೇ ದೊಡ್ಡದು. ಇಂಗ್ಲಿಷ್‌ನಲ್ಲಿ ಸಿಗುವ ಸಲಹೆಗಳಲ್ಲಿ ನಮ್ಮ ಮಳೆ, ನಮ್ಮ ಬಚ್ಚಲು, ನಮ್ಮ ಬಾವಿ ಯಾವುದೂ ಇರುವುದಿಲ್ಲ.

ಯಾವಾಗ?

ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರೂವರೆ ವರ್ಷದ ನಡುವೆ ಕಾಟ್ ಬಿಡುತ್ತಾರೆ. ಇದು ತುಂಬಾ ಅಗಲದ ಅಂತರ. ಅದಕ್ಕೇ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಪ್ರಯೋಜನ ಇಲ್ಲ.

ಕಡ್ಡಾಯವಾಗಿ ಬಿಡಿಸಬೇಕಾದ ಗುರುತು ಸ್ಪಷ್ಟ ಇದೆ. ಮಗು ನಿಂತಾಗ 89 ಸೆಂಟಿಮೀಟರ್ ಎತ್ತರ ಮುಟ್ಟಿದರೆ, ಅಥವಾ ಕಂಬಿಯ ಮೇಲಿನ ಅಂಚು ಅದರ ಎದೆಯ ಮಟ್ಟಕ್ಕೆ ಬಂದರೆ, ಕಾಟ್ ಇನ್ನು ಸುರಕ್ಷಿತ ಅಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಸ್ಥೆ ಕೊಡುವ ಅಳತೆ ಇದು. ಸಾಮಾನ್ಯವಾಗಿ ಮಕ್ಕಳು ಈ ಎತ್ತರಕ್ಕೆ ಬರುವುದು ಎರಡು, ಎರಡೂವರೆ ವರ್ಷದ ಹೊತ್ತಿಗೆ. ಅದಕ್ಕಿಂತ ಮುಂಚೆಯೇ ಹತ್ತಿ ಇಳಿಯುವ ಮಗುವಾದರೆ ಎತ್ತರ ಅಳೆಯುತ್ತಾ ಕೂರಬೇಡಿ. ಕಂಬಿಯ ಮೇಲಿಂದ ಬೀಳುವುದು ಹಾಸಿಗೆಯಿಂದ ಉರುಳುವುದಕ್ಕಿಂತ ತುಂಬಾ ಅಪಾಯ. ಅಷ್ಟು ಎತ್ತರದಿಂದ ತಲೆ ಕೆಳಗಾಗಿ ಬೀಳುವ ಸಾಧ್ಯತೆ ಇರುತ್ತದೆ.

ಇನ್ನೂ ಹತ್ತದ ಮಗುವಾದರೆ ಅವಸರ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಪುಟ್ಟ ಮಕ್ಕಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದೂವರೆಯಿಂದ ಮೂರು ವರ್ಷದ ಮಕ್ಕಳಲ್ಲಿ ಕಾಟ್‌ನಲ್ಲೇ ಮಲಗುತ್ತಿದ್ದವರು ಬೇಗ ನಿದ್ದೆಗೆ ಜಾರುತ್ತಿದ್ದರು, ರಾತ್ರಿ ಕಡಿಮೆ ಏಳುತ್ತಿದ್ದರು, ಜಾಸ್ತಿ ಹೊತ್ತು ಮಲಗುತ್ತಿದ್ದರು ಎಂದು ಅವರ ಪೋಷಕರು ಹೇಳಿದ್ದರು. ಪೋಷಕರ ಮಾತನ್ನು ಆಧರಿಸಿದ ಲೆಕ್ಕ ಅದು, ಯಂತ್ರ ಇಟ್ಟು ಅಳೆದದ್ದಲ್ಲ. ಚೆನ್ನಾಗಿ ನಿದ್ದೆ ಮಾಡುವ ಮಕ್ಕಳನ್ನು ಅಪ್ಪ ಅಮ್ಮ ಕಾಟ್‌ನಲ್ಲೇ ಬಿಟ್ಟಿರಬಹುದು. ಆದರೂ ಇದು ಮಕ್ಕಳ ಸ್ವಭಾವಕ್ಕೆ ಹೊಂದುವ ಮಾತು. ‘ಎಚ್ಚರ ಆದರೂ ಇಲ್ಲೇ ಇರಬೇಕು’ ಎನ್ನುವ ನಿಯಮ ಕಣ್ಣಿಗೆ ಕಾಣುವುದಿಲ್ಲ. ಕಾಣದ ಗೆರೆಯನ್ನು ಪಾಲಿಸಲು ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಬೇಕು. ಅದು ಮಕ್ಕಳಲ್ಲಿ ಸ್ವಲ್ಪವಾದರೂ ಕಾಣುವುದು ಮೂರರ ಹತ್ತಿರ. ಎರಡು ವರ್ಷದ ಮಗು ಬೇಕೆಂದೇ ಹಟ ಮಾಡುತ್ತಿದೆ ಎಂದು ನಮಗೆ ಅನಿಸುತ್ತದೆ. ಎಷ್ಟೋ ಸಲ ಅದಕ್ಕೆ ಇನ್ನೂ ಆಗುವುದೇ ಇಲ್ಲ, ಅಷ್ಟೇ.

ಕಾಟ್‌ನಲ್ಲಿ ಕೆಲವು ತಿಂಗಳು ಜಾಸ್ತಿ ಸಿಗಬೇಕೆಂದರೆ ಅದರ ಹಾಸನ್ನು ತೀರಾ ಕೆಳಗಿನ ಮಟ್ಟಕ್ಕೆ ಇಳಿಸಿ. ಕಾಲಿಟ್ಟು ಹತ್ತಲು ಸಹಾಯ ಮಾಡುವ ದಿಂಬು, ದೊಡ್ಡ ಗೊಂಬೆ ತೆಗೆಯಿರಿ. ಕಾಟ್ ಪಕ್ಕದ ಸ್ಟೂಲು, ಟ್ರಂಕು ಸರಿಸಿ.

ತೊಟ್ಟಿಲು ಬೇರೆ, ಕಾಟ್ ಬೇರೆ

ನಮ್ಮ ಜಿಲ್ಲೆಯಲ್ಲಿ ಕಾಟ್ ಜಾಸ್ತಿ ಕಾಣುವುದು ಕಾರವಾರದ ಫ್ಲ್ಯಾಟ್‌ಗಳಲ್ಲಿ, ಮಲ್ಲಾಪುರದ ಕೈಗಾ ಟೌನ್‌ಶಿಪ್‌ನಲ್ಲಿ, ನೌಕಾನೆಲೆಯ ಕ್ವಾರ್ಟರ್ಸ್‌ಗಳಲ್ಲಿ. ಕುಮಟೆ, ಅಂಕೋಲೆ, ಸಿರಸಿ, ಸಿದ್ದಾಪುರದ ಹಳ್ಳಿ ಮನೆಗಳಲ್ಲಿ ಇಂದಿಗೂ ತೊಟ್ಟಿಲು ಅಥವಾ ಸೀರೆಯ ಜೋಲಿ. ಅಲ್ಲಿಂದ ಮಗು ನೇರ ದೊಡ್ಡವರ ಹಾಸಿಗೆಗೆ ಬರುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹಾಕಬಾರದು.

ತೊಟ್ಟಿಲಿನ ಅಂಚು ಗಿಡ್ಡ. ಅದು ತೂಗುತ್ತದೆ ಬೇರೆ. ಮಗು ಕೈ ಮಂಡಿ ಊರಿ ಏಳಲು, ಅಂಚು ಹಿಡಿದು ಕೂರಲು ಶುರು ಮಾಡಿದ ಕೂಡಲೇ, ಅಂದರೆ ಐದಾರು ತಿಂಗಳ ಹೊತ್ತಿಗೆ, ತೊಟ್ಟಿಲು ಬಿಡಿಸಬೇಕು. ವರ್ಷ ತುಂಬುವ ತನಕ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ಬೇಡ. ಆ ವಯಸ್ಸಿಗೆ ಕಾಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಮ್ಮನ ಕೋಣೆಯಲ್ಲೇ ಬೇರೆ ಹಾಸು. ಒಂದು ವರ್ಷದೊಳಗಿನ ಮಗುವನ್ನು ಬೆನ್ನ ಮೇಲೆ ಮಲಗಿಸಬೇಕು. ಹಾಸು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಿಂಬು, ದಪ್ಪ ಹೊದಿಕೆ ಹತ್ತಿರ ಇರಬಾರದು. ಸಾಸಿವೆ ದಿಂಬಿಗೂ ಇದೇ ಮಾತು.

ತೊಟ್ಟಿಲಿನಿಂದ ಬಂದ ಮಗುವಿಗೆ ಇನ್ನೊಂದು ತೊಡಕು ಇರುತ್ತದೆ. ಅದು ತೂಗಿಸಿಕೊಂಡೇ ನಿದ್ದೆ ಹೋಗುವುದನ್ನು ಕಲಿತಿರುತ್ತದೆ. ನಡುರಾತ್ರಿ ಎಚ್ಚರವಾದಾಗ ತೂಗು ಇಲ್ಲ. ಮಲಗುವಾಗ ಇದ್ದದ್ದು ಈಗ ಇಲ್ಲ ಎಂದು ಅಳುತ್ತದೆ. ಇದು ಎಲ್ಲ ಮಕ್ಕಳಿಗೂ ಅನ್ವಯಿಸುವ ಸಂಗತಿ. ಕಣ್ಣು ಮುಚ್ಚುವಾಗ ಯಾವ ಸ್ಥಿತಿ ಇತ್ತೋ, ಕಣ್ಣು ಬಿಟ್ಟಾಗ ಅದನ್ನೇ ಹುಡುಕುತ್ತವೆ. ಎದೆಹಾಲು ಕುಡಿಯುತ್ತಾ ಮಲಗಿದರೆ ಹಾಲು, ಬೆನ್ನು ತಟ್ಟಿಸಿಕೊಂಡು ಮಲಗಿದರೆ ತಟ್ಟುವ ಕೈ. ಹಾಸಿಗೆಗೆ ಬದಲಾಯಿಸುವ ಮೊದಲೇ ತೂಗುವುದನ್ನು ದಿನಕ್ಕಿಷ್ಟು ಕಡಿಮೆ ಮಾಡಿ. ಕೊನೆಯ ಕೆಲವು ನಿಮಿಷ ಮಗು ಅಲುಗಾಟ ಇಲ್ಲದೆ ಮಲಗುವಂತೆ ಆದರೆ ಮುಂದಿನ ದಾರಿ ಸಲೀಸು.

ನೆಲವೋ ಮಂಚವೋ

ಈಗ ಎಲ್ಲ ಕಡೆ ನೆಲಹಾಸಿಗೆಯ ಮಾತು. ಮಂಚವೇ ಬೇಡ, ಹಾಸಿಗೆಯನ್ನು ನೆಲಕ್ಕೆ ಹಾಕಿ, ಮಗು ತಾನೇ ಮಲಗಿ ತಾನೇ ಏಳಲಿ ಎನ್ನುತ್ತಾರೆ. ಬೀಳುವ ಭಯ ಇಲ್ಲ, ಖರ್ಚಿಲ್ಲ. ನಮಗಂತೂ ಚಾಪೆ ಹಾಸಿ ನೆಲದಲ್ಲಿ ಮಲಗುವುದು ಹೊಸತೇ ಅಲ್ಲ. ಕಾರವಾರದ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ, ಬೇಸಿಗೆಯಲ್ಲಿ, ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ತೋಟದ ಮಧ್ಯದ ಹಂಚಿನ ಮನೆಯಲ್ಲಿ, ಆಷಾಢದಲ್ಲಿ, ನಾನು ಇದನ್ನು ಒಪ್ಪುವುದಿಲ್ಲ.

ಮೊದಲ ಕಾರಣ ಥಂಡಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಕೆಲವು ಕಡೆ ಅದಕ್ಕೂ ಜಾಸ್ತಿ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ತಿಂಗಳುಗಳಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ. ನೆಲ ತಣ್ಣಗಿರುತ್ತದೆ. ಮಗುವಿನ ಮೈ ಬಿಸಿ, ಬೆವರು, ಕೆಲವೊಮ್ಮೆ ಮೂತ್ರ ಹಾಸಿಗೆಯ ಒಳಗಿಳಿಯುತ್ತದೆ. ಆ ಆವಿ ತಣ್ಣನೆಯ ನೆಲ ತಾಗಿದಲ್ಲಿ ಮತ್ತೆ ನೀರಾಗುತ್ತದೆ. ಕೆಳಗೆ ಗಾಳಿ ಆಡುವುದಿಲ್ಲ. ಕೆಲವೇ ದಿನ ಹಾಸಿಗೆ ಎತ್ತದೇ ಬಿಟ್ಟರೆ ಅಡಿಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮಗುವಿನ ಮೂಗು ಇರುವುದು ಅದಕ್ಕೆ ಕೆಲವೇ ಇಂಚು ಮೇಲೆ. ಉಬ್ಬಸ, ಅಲರ್ಜಿ ಇರುವ ಮಕ್ಕಳಿಗೆ ಬೂಷ್ಟು ಒಳ್ಳೆಯದಲ್ಲ. ದೊಡ್ಡವರು ಬೆಳಿಗ್ಗೆ ಚಾಪೆ ಸುತ್ತಿ, ಹಾಸಿಗೆ ಮಡಚಿ ಇಡುತ್ತಿದ್ದುದು ಬರೀ ಜಾಗ ಉಳಿಸಲು ಅಲ್ಲ, ಒಣಗಲೂ ಬೇಕಿತ್ತು.

ಎರಡನೆಯ ಕಾರಣ ಹುಳ ಹುಪ್ಪಡಿ. ಜರಿ, ಚೇಳು ಮಳೆಗೆ ಒಳಗೆ ಬರುತ್ತವೆ. ಎಲ್ಲಕ್ಕಿಂತ ಗಂಭೀರ ಎಂದರೆ ಕಟ್ಟುಹಾವು. ಕಡಂಬಳ ಎಂದೂ ಹೇಳುತ್ತಾರೆ. ಅದು ರಾತ್ರಿ ಓಡಾಡುವ ಹಾವು. ನೆಲದಲ್ಲಿ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚಿದ ಪ್ರಕರಣಗಳು ದೇಶದ ಹಲವು ಕಡೆ ಇವೆ. ಅದರ ಕಡಿತಕ್ಕೆ ನೋವು ಬಹಳ ಕಡಿಮೆ, ಬಾವೂ ಬರುವುದಿಲ್ಲ. ಮಗು ಅತ್ತರೂ ಯಾಕೆ ಎಂದು ತಿಳಿಯದೇ ಹೋಗಬಹುದು. ಆಮೇಲೆ ಹೊಟ್ಟೆ ನೋವು, ರೆಪ್ಪೆ ಜೋತು ಬೀಳುವುದು, ನುಂಗಲು ಆಗದಿರುವುದು, ಉಸಿರಿಗೆ ಕಷ್ಟ. ಇಂಥ ಲಕ್ಷಣ ಕಂಡರೆ ಗುರುತು ಹುಡುಕುತ್ತಾ, ನಾಟಿ ಮದ್ದು ಮಾಡುತ್ತಾ ಕೂರಬಾರದು. 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇದಕ್ಕೆ ತೀರಾ ಸುಲಭದ ರಕ್ಷಣೆ ಇದೆ. ನೆಲದಿಂದ ಸ್ವಲ್ಪ ಎತ್ತರ, ಮತ್ತು ಹಾಸಿಗೆಯ ಅಡಿಗೆ ಸರಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ. ಪರದೆ ಕಟ್ಟಿಕೊಂಡು ಮಲಗುವವರಿಗೆ ಹಾವು ಕಚ್ಚುವ ಅಪಾಯ ಕಡಿಮೆ ಎಂದು ನೇಪಾಳದ ತೆರಾಯಿಯಲ್ಲಿ ನಡೆದ ಅಧ್ಯಯನವೂ ತೋರಿಸಿದೆ. ಪರದೆಯ ಅಂಚು ನೆಲಕ್ಕೆ ಜೋತು ಬಿದ್ದಿದ್ದರೆ ಉಪಯೋಗ ಇಲ್ಲ. ನಾಲ್ಕೂ ಕಡೆ ಹಾಸಿಗೆಯ ಕೆಳಗೆ ಹೋಗಬೇಕು. ಹರಿದ ತೂತಿನಲ್ಲಿ ಮಗು ತಲೆ ಕೈ ಸಿಕ್ಕಿಸಿಕೊಳ್ಳದಂತೆ ಹೊಲಿದಿರಬೇಕು. ಉದ್ದನೆಯ ದಾರ ಮಗುವಿನ ಕೈಗೆ ಸಿಗಬಾರದು.

ಹಾಗಾದರೆ ಎಂಥ ಮಂಚ? ನನ್ನ ಪ್ರಕಾರ ಅರ್ಧ ಮೊಳದಷ್ಟೇ ಎತ್ತರದ, ಮರದ ಪಟ್ಟಿ ಹೊಡೆದ ಗಿಡ್ಡ ಮಂಚ. ಪಟ್ಟಿಗಳ ನಡುವೆ ಸಂದು ಇರುವುದರಿಂದ ಕೆಳಗೆ ಗಾಳಿ ಆಡುತ್ತದೆ. ಬಿದ್ದರೂ ಪೆಟ್ಟು ಜೋರಿಲ್ಲ. ಊರಿನ ಬಡಗಿಗೆ ಹೇಳಿದರೆ ಹಳೇ ಮರದಲ್ಲೇ ಮಾಡಿಕೊಡುತ್ತಾರೆ. ಅಂಚು ಮೂಲೆ ಉಜ್ಜಿ ದುಂಡಗೆ ಮಾಡಲು, ಮೊಳೆಯ ತಲೆ ಮೇಲೆ ಬರದಂತೆ ನೋಡಲು ಹೇಳಿ. ಅಜ್ಜನ ಕಾಲದ ಎತ್ತರದ ಮಂಚ ಎಷ್ಟೇ ಚಂದ ಇರಲಿ, ಈ ವಯಸ್ಸಿಗೆ ಬೇಡ. ಎರಡಂತಸ್ತಿನ ಮಂಚದ ಮೇಲಿನ ಹಾಸಿಗೆ ಆರು ವರ್ಷದ ತನಕ ಬೇಡವೇ ಬೇಡ.

ಗೋಡೆಯ ಕಡೆ ಗಮನ ಕೊಡಿ. ಮಂಚ ಮತ್ತು ಗೋಡೆಯ ನಡುವೆ ಚಿಕ್ಕ ಸಂದು ಬಿಟ್ಟರೆ ಮಗು ಅದರಲ್ಲಿ ಜಾರಿ ಸಿಕ್ಕಿಕೊಳ್ಳಬಹುದು. ಅದು ಬೀಳುವುದಕ್ಕಿಂತ ಕೆಟ್ಟದ್ದು. ಒಂದೋ ಸಂದೇ ಇಲ್ಲದಂತೆ ಗೋಡೆಗೆ ಒತ್ತಿ ಅಲುಗದಂತೆ ಮಾಡಿ. ಇಲ್ಲವೇ ಮಗು ಸಿಕ್ಕಿಕೊಳ್ಳದಷ್ಟು ದೂರ ಇಡಿ. ಮಳೆಗಾಲದಲ್ಲಿ ಹೊರಗೋಡೆ ಒದ್ದೆಯಾಗುವ ಮನೆಗಳಲ್ಲಿ ದೂರ ಇಡುವುದೇ ಲೇಸು. ಹಾಸಿಗೆಯ ಪಕ್ಕ ಸಿಕ್ಕಿಸುವ ತಡೆಗೋಡೆ ಅಂಗಡಿಯಲ್ಲಿ ಸಿಗುತ್ತದೆ. ಅದು ಎರಡು ವರ್ಷ ತುಂಬಿದ, ತಾನೇ ಹತ್ತಿ ಇಳಿಯಬಲ್ಲ ಮಗುವಿಗೆ ಮಾತ್ರ. ಹಾಸಿಗೆಗೂ ಅದಕ್ಕೂ ನಡುವೆ ಸಂದು ಬಿಡಬಾರದು. ದಿಂಬು ಅಡ್ಡ ಇಟ್ಟರೆ ತಡೆಯಾಗುವುದಿಲ್ಲ, ಮಗು ಅದರ ಮೇಲೆ ಹತ್ತಿಯೇ ಉರುಳುತ್ತದೆ.

ಹಾಸಿಗೆ ತೆಳುವಾಗಿ, ಗಟ್ಟಿಯಾಗಿ ಇರಲಿ. ನಾರಿನ ಹಾಸಿಗೆ ಒಳ್ಳೆಯದು. ಹತ್ತಿ ಹಾಸಿಗೆ ಮೆತ್ತಗೆ ಹಿತ, ಆದರೆ ಒಮ್ಮೆ ನೆಂದರೆ ಜುಲೈನಲ್ಲಿ ಒಣಗುವುದೇ ಇಲ್ಲ. ಮೇಲೊಂದು ನೀರು ಇಳಿಯದ ಹಾಳೆ, ಅದರ ಮೇಲೆ ಬಟ್ಟೆ. ಅದರ ಮೇಲೆ ಇನ್ನೊಂದು ಹಾಳೆ, ಇನ್ನೊಂದು ಬಟ್ಟೆ. ರಾತ್ರಿ ಒದ್ದೆಯಾದರೆ ಮೇಲಿನ ಜೋಡಿ ಎಳೆದು ತೆಗೆದರಾಯಿತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಕವಂದಿ ನೋಡಿರಬಹುದು. ಅಂಥ ಚಿಕ್ಕದೊಂದು ಕವಂದಿ ಮಗುವಿನ ಹೊದಿಕೆಗೆ ಚೆನ್ನಾಗಿ ಹೊಂದುತ್ತದೆ. ಮಂದ ಹಾಸಿಗೆಗಿಂತ ಬೇಗ ಒಣಗುತ್ತದೆ, ಮಗುವಿಗೆ ‘ಇದು ನಂದು’ ಎನ್ನಲು ಒಂದು ವಸ್ತುವೂ ಆಗುತ್ತದೆ.

ಕೋಣೆಯೇ ಈಗ ದೊಡ್ಡ ಕಾಟ್

ಮಗು ನಡುರಾತ್ರಿ ಅಥವಾ ನಸುಕಿನಲ್ಲಿ ಒಂದೇ ಎದ್ದು ನಡೆಯುತ್ತದೆ ಎಂದೇ ಇಟ್ಟುಕೊಳ್ಳಿ. ಎಲ್ಲಿ ತನಕ ಹೋಗಬಹುದು? ಈ ಪ್ರಶ್ನೆ ಇಟ್ಟುಕೊಂಡು ಸಂಜೆ ಹೊತ್ತು ಮನೆಯಲ್ಲಿ ಒಮ್ಮೆ ಮಂಡಿಯೂರಿ ತಿರುಗಿ. ನಿಂತು ನೋಡಿದಾಗ ಕಾಣದ್ದು ಆಗ ಕಾಣುತ್ತದೆ.

ಹಳೇ ಮನೆಗಳಲ್ಲಿ ಅಪಾಯ ಇರುವುದು ಮಲಗುವ ಕೋಣೆಯ ಹೊರಗೆ. ಮೆತ್ತಿಗೆ ಹೋಗುವ ಕಡಿದಾದ ಮರದ ಮೆಟ್ಟಿಲು. ಬೆಳಗಿನ ಜಾವವೇ ಬೆಂಕಿ ಹಾಕಿದ ಬಚ್ಚಲ ಒಲೆ, ಕುದಿಯುವ ಹಂಡೆ. ತುಂಬಿಟ್ಟ ಬಕೆಟ್ಟು. ಹಿತ್ತಿಲ ಬಾವಿ. ಪುಟ್ಟ ಮಗು ಮುಳುಗಲು ಕೆಲವು ಇಂಚು ನೀರು ಸಾಕು. ತಲೆ ಭಾರ, ಬಗ್ಗಿದರೆ ಮತ್ತೆ ಎತ್ತಲು ಆಗುವುದಿಲ್ಲ. ಮನೆಯಲ್ಲಿ ಐದೂವರೆಗೆ ಏಳುವವರು ಹಿತ್ತಿಲ ಬಾಗಿಲು ತೆರೆದು ಕೊಟ್ಟಿಗೆಗೆ ಹೋಗುತ್ತಾರೆ. ಅದೇ ಹೊತ್ತಿಗೆ ಮಗುವಿಗೂ ಎಚ್ಚರವಾಗುತ್ತದೆ. ನನಗೆ ಎಲ್ಲಕ್ಕಿಂತ ಚಿಂತೆಯಾಗುವ ಹೊತ್ತು ಅದು. ಕಾಟ್ ಇದ್ದಾಗ ಮಗು ಕೂಗಿ ಕರೆಯುತ್ತಿತ್ತು. ಈಗ ಸದ್ದಿಲ್ಲದೆ ಹಿಂದೆ ಬಂದುಬಿಡಬಹುದು. ಹಿತ್ತಿಲ ಬಾಗಿಲಿಗೆ ಮೇಲಿನ ಚಿಲಕ ಬೇಕು. ಬಾವಿಗೆ ಬಲೆ ಅಥವಾ ಮುಚ್ಚಳ ಬೇಕು. ರಾತ್ರಿ ಬಕೆಟ್ ಬೋರಲು ಹಾಕಬೇಕು, ಬಚ್ಚಲಿಗೆ ಬಾಗಿಲು ಹಾಕಬೇಕು.

ಕೋಣೆಯೊಳಗೆ ಕಪಾಟು, ಡ್ರಾಯರ್, ಟಿವಿ ಸ್ಟ್ಯಾಂಡ್ ಗೋಡೆಗೆ ಬಿಗಿಯಬೇಕು. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತಾರೆ, ಆಗ ಅದು ಮೈಮೇಲೆ ಬೀಳುತ್ತದೆ. ಕಿಟಕಿಗೆ ಸರಳು ಇಲ್ಲದ ಫ್ಲ್ಯಾಟ್ ಆದರೆ ಮಂಚವನ್ನು ಕಿಟಕಿಯ ಕೆಳಗೆ ಇಡಲೇಬಾರದು. ಸೊಳ್ಳೆ ಬತ್ತಿಯ ದ್ರವ, ಮಾತ್ರೆ, ಬಟನ್ ಸೆಲ್ ಇರುವ ಆಟಿಕೆ ಕೈಗೆ ಸಿಗದಿರಲಿ. ಫ್ಲ್ಯಾಟ್‌ಗಳಲ್ಲಿ ಬಾಗಿಲಿಗೆ ಅಡ್ಡ ಹಾಕುವ ಗೇಟ್ ಉಪಯೋಗಕ್ಕೆ ಬರುತ್ತದೆ. ಆದರೆ ಮಗುವನ್ನು ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಬೇಡಿ. ಬೆಂಕಿ, ಹೊಗೆಯಂಥ ಹೊತ್ತಿನಲ್ಲಿ ಅದು ಅಪಾಯ. ಮಗುವಿನ ಮನಸ್ಸಿಗೂ ಹಿಂಸೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ಮಗುವಿಗೆ ಬೇರೆ ಕೋಣೆಯೇ ಇಲ್ಲ. ಬೇಕಾಗಿಯೂ ಇಲ್ಲ. ಅಪ್ಪ ಅಮ್ಮನ ಕೋಣೆಯಲ್ಲೇ ಗಿಡ್ಡ ಮಂಚ ಹಾಕಿ. ಕಾಟ್ ಬಿಡಿಸುವುದು ಮತ್ತು ಕೋಣೆ ಬದಲಿಸುವುದು ಎರಡು ಬೇರೆ ಬೇರೆ ಕೆಲಸ. ಒಟ್ಟಿಗೆ ಮಾಡಿದರೆ ಮಗುವಿಗೆ ಜಾಸ್ತಿಯಾಗುತ್ತದೆ.

ಮೊದಲ ರಾತ್ರಿಗಳು

ಹಗಲಿನಲ್ಲೇ ಮಗುವಿಗೆ ಹೊಸ ಹಾಸಿಗೆಯ ಗುರುತು ಮಾಡಿಸಿ. ಮಂಚ ಜೋಡಿಸುವಾಗ ಒಂದು ಸ್ಕ್ರೂ ಕೈಗೆ ಕೊಟ್ಟು ವಾಪಸ್ ಇಸಿದುಕೊಳ್ಳಿ. ಹೊದಿಕೆ ಯಾವುದು ಬೇಕೆಂದು ಎರಡು ತೋರಿಸಿ ಕೇಳಿ. ಕಾಟ್ ಇದ್ದ ಜಾಗದಲ್ಲೇ ಮಂಚ ಇಟ್ಟರೆ ಒಳ್ಳೆಯದು. ಮಗು ಕಣ್ಣು ಬಿಟ್ಟಾಗ ಅದೇ ಕಿಟಕಿ, ಅದೇ ಜಂತಿ ಕಾಣುತ್ತದೆ.

ಮಲಗುವ ಮುಂಚಿನ ಕ್ರಮ ಏನಿತ್ತೋ ಅದನ್ನು ಒಂಚೂರೂ ಬದಲಿಸಬೇಡಿ. ಊಟ, ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಒಂದು ಕತೆ, ದೀಪ ಆರಿಸುವುದು. ಸಮಯವೂ ಅದೇ ಇರಲಿ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ಮಕ್ಕಳು ದೊಡ್ಡವರ ಜೊತೆ ಹತ್ತೂವರೆ ತನಕ ಎಚ್ಚರ ಇರುತ್ತಾರೆ. ಹಾಸಿಗೆಯ ತಕರಾರು ಎಂದು ನಾವು ತಿಳಿದದ್ದು ಎಷ್ಟೋ ಸಲ ಬರೀ ನಿದ್ದೆ ಮೀರಿದ ಕಿರಿಕಿರಿ.

ಮಗು ಎದ್ದು ಬರುತ್ತದೆ. ಬಂದೇ ಬರುತ್ತದೆ. ಆಗ ಮಾಡಬೇಕಾದ್ದು ಒಂದೇ. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ಮಲಗಿಸಿ, ‘ಈಗ ನಿದ್ದೆ ಹೊತ್ತು’ ಎಂದಷ್ಟೇ ಹೇಳಿ. ಪ್ರತಿ ಸಲ ಅದೇ ಮಾತು, ಅದೇ ದನಿ. ಬೈಗುಳ ಬೇಡ, ನಗುವೂ ಬೇಡ, ಮೊಬೈಲ್ ಅಂತೂ ಬೇಡವೇ ಬೇಡ. ಮಗುವಿಗೆ ಬೈಗುಳ ಕೂಡ ಒಂದು ಬಗೆಯ ಜೊತೆಯೇ. ಎದ್ದು ಬಂದರೆ ಏನೋ ನಡೆಯುತ್ತದೆ ಎಂದಾದರೆ ಮತ್ತೆ ಬರುತ್ತದೆ. ಏನೂ ನಡೆಯುವುದಿಲ್ಲ ಎಂದಾದರೆ ಬರುವುದು ಕಡಿಮೆಯಾಗುತ್ತದೆ.

ಇಲ್ಲಿ ಬಹಳ ಮಂದಿ ಸೋಲುವ ಜಾಗ ಒಂದಿದೆ. ನಾಲ್ಕು ಸಲ ವಾಪಸ್ ಕಳಿಸಿ ಐದನೇ ಸಲ ಸಾಕಾಗಿ ‘ಬಾ, ಇಲ್ಲೇ ಮಲಗು’ ಎಂದುಬಿಡುತ್ತೇವೆ. ಆಗ ಮಗು ಕಲಿಯುವುದು ಏನು? ಐದು ಸಲ ಬಂದರೆ ಆಗುತ್ತದೆ ಎಂದು. ಯಾವಾಗಲೋ ಒಮ್ಮೆ ಸಿಗುವ ಫಲ, ಯಾವಾಗಲೂ ಸಿಗುವ ಫಲಕ್ಕಿಂತ ಗಟ್ಟಿಯಾದ ಅಭ್ಯಾಸ ಬೆಳೆಸುತ್ತದೆ. ಮಗು ಜೊತೆಗೆ ಮಲಗಲಿ ಎಂದು ನಿಮಗೇ ಇಷ್ಟ ಇದ್ದರೆ ಮೊದಲ ಸಲವೇ ಖುಷಿಯಿಂದ ಕರೆದುಕೊಳ್ಳಿ. ದೊಡ್ಡ ಮಗುವಿನ ಜೊತೆ ಒಟ್ಟಿಗೆ ಮಲಗುವುದು ತಪ್ಪೇನೂ ಅಲ್ಲ. ಬೇಡ ಎಂದಿದ್ದರೆ ಆರನೇ ಸಲವೂ ಬೇಡವೇ ಆಗಿರಲಿ. ಎರಡರಲ್ಲಿ ಯಾವುದಾದರೂ ಆಗಬಹುದು. ಮಗುವಿಗೆ ಕಷ್ಟವಾಗುವುದು ದಿನಕ್ಕೊಂದು ಉತ್ತರ.

ಎರಡನೇ ಮೂರನೇ ರಾತ್ರಿ ಪರಿಸ್ಥಿತಿ ಇನ್ನೂ ಹದಗೆಟ್ಟಂತೆ ಕಾಣಬಹುದು. ಇದುವರೆಗೆ ನಡೆದ ಉಪಾಯ ನಡೆಯದಿದ್ದಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಅದು ತಪ್ಪು ದಾರಿಯ ಗುರುತು ಅಲ್ಲ. ಆ ರಾತ್ರಿ ದಾಟಿದರೆ ಸಾಮಾನ್ಯವಾಗಿ ಇಳಿಮುಖ.

ಅಳುವ ಮಗುವನ್ನು ಬಿಟ್ಟು ಬರಲು ಮನಸ್ಸಾಗದಿದ್ದರೆ ಬರಬೇಕಿಲ್ಲ. ಹಾಸಿಗೆಯ ಪಕ್ಕ ಒಂದು ಮಣೆ ಹಾಕಿ ಕುಳಿತುಕೊಳ್ಳಿ. ಮಾತಾಡಬೇಡಿ, ಸುಮ್ನೆ ಇರಿ. ಎರಡು ಮೂರು ರಾತ್ರಿ ಕಳೆದ ಮೇಲೆ ಮಣೆಯನ್ನು ಸ್ವಲ್ಪ ದೂರ ಸರಿಸಿ. ಆಮೇಲೆ ಬಾಗಿಲ ಹತ್ತಿರ. ಆಮೇಲೆ ಹೊರಗೆ. ನಿಧಾನದ ದಾರಿ ಇದು, ಆದರೆ ನನಗೆ ಇಷ್ಟವಾದದ್ದು. ಮೂರು ವರ್ಷ ದಾಟಿದವರಿಗೆ ಇನ್ನೊಂದು ಉಪಾಯ ಇದೆ, 1999ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ್ದು. ಮಲಗುವಾಗ ಮಗುವಿನ ಕೈಗೆ ಒಂದು ಚೀಟಿ ಕೊಡಿ. ಅದನ್ನು ಕೊಟ್ಟರೆ ಒಮ್ಮೆ ಎದ್ದು ಬರಬಹುದು. ನೀರು ಕೇಳಬಹುದು, ಅಪ್ಪಿಕೊಳ್ಳಬಹುದು. ಚೀಟಿ ಮುಗಿದ ಮೇಲೆ ಆ ರಾತ್ರಿಗೆ ಮುಗಿಯಿತು. ತನ್ನ ಕೈಲಿ ಒಂದು ಅಧಿಕಾರ ಇದೆ ಎಂಬ ಧೈರ್ಯಕ್ಕೇ ಎಷ್ಟೋ ಮಕ್ಕಳು ಚೀಟಿ ಹಿಡಿದುಕೊಂಡೇ ನಿದ್ದೆ ಹೋಗುತ್ತಾರೆ.

ಅಜ್ಜ ಅಜ್ಜಿ ಇರುವ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಅಮ್ಮ ವಾಪಸ್ ಕಳಿಸುತ್ತಾಳೆ, ಅಜ್ಜಿ ಸೆರಗಿನೊಳಗೆ ಕರೆದುಕೊಳ್ಳುತ್ತಾಳೆ ಎಂದಾದರೆ ಮಗು ನೇರ ಅಜ್ಜಿಯ ಕೋಣೆಗೇ ಹೋಗುತ್ತದೆ. ಅಜ್ಜಿಗೆ ಬೇರೆ ಪಾಲು ಕೊಡಿ. ಮಲಗುವ ಮುಂಚಿನ ಕತೆ ಅಜ್ಜಿಯದು. ಅದು ದೊಡ್ಡ ಪಾಲೇ.

ನಡುರಾತ್ರಿ ಉರುಳಿ ಬಿದ್ದರೆ ಗಾಬರಿ ಬೇಡ. ಗಿಡ್ಡ ಮಂಚದಿಂದ ಬಿದ್ದ ಮಗು ಅತ್ತು ಸುಮ್ಮನಾಗುತ್ತದೆ. ಎಚ್ಚರ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕಾಲ ನೋಡಿ ಶುರು ಮಾಡಿ

ಮಳೆಗಾಲದ ಮೊದಲ ವಾರಗಳು ಒಳ್ಳೆಯ ಕಾಲ ಅಲ್ಲ. ಗುಡುಗು, ಕರೆಂಟ್ ಹೋಗುವುದು, ನೆಗಡಿ ಜ್ವರ, ಒಣಗದ ಬಟ್ಟೆ. ಫ್ಯಾನಿನ ಸದ್ದಿಗೆ ಒಗ್ಗಿದ ಮಗು ಅದು ನಿಂತ ಕೂಡಲೇ ಏಳುತ್ತದೆ. ಚಾರ್ಜ್ ಆಗುವ ಚಿಕ್ಕ ಹಳದಿ ದೀಪ ಒಂದು ಮೂಲೆಯಲ್ಲಿ ಇರಲಿ. ನವೆಂಬರ್‌ನಿಂದ ಫೆಬ್ರವರಿ ತನಕ ಕರಾವಳಿಯಲ್ಲಿ ಹವೆ ಹಿತವಾಗಿರುತ್ತದೆ, ಒಗೆದದ್ದು ಅದೇ ದಿನ ಒಣಗುತ್ತದೆ. ಸಿರಸಿ ಕಡೆ ಡಿಸೆಂಬರ್ ಚಳಿಗೆ ಮಗು ಹೊದಿಕೆ ಒದೆಯುತ್ತದೆ, ಬೆಚ್ಚಗಿನ ಅಂಗಿ ಹಾಕಿ ಮಲಗಿಸಿ.

ಮನೆಯಲ್ಲಿ ಮದುವೆ, ಉಪನಯನ, ಎರಡು ವರ್ಷಕ್ಕೊಮ್ಮೆ ಬರುವ ಸಿರಸಿ ಮಾರಿಕಾಂಬಾ ಜಾತ್ರೆಗೆ ನೆಂಟರು ತುಂಬುವ ದಿನಗಳು ಎದುರಿಗಿದ್ದರೆ ಅವು ಮುಗಿಯಲಿ. ಎರಡನೇ ಕೂಸು ಬರುವುದಿದ್ದರೆ ಹೆರಿಗೆಗೆ ಒಂದೂವರೆ ಎರಡು ತಿಂಗಳು ಮೊದಲೇ ಮುಗಿಸಿ. ಆಗದಿದ್ದರೆ ಕೂಸು ಬಂದು ಕೆಲವು ತಿಂಗಳಾದ ಮೇಲೆ ಮಾಡಿ. ನನ್ನ ಕಾಟನ್ನು ಆ ಕೂಸು ಕಿತ್ತುಕೊಂಡಿತು ಎಂದು ದೊಡ್ಡದಕ್ಕೆ ಅನಿಸಬಾರದು. ಡೈಪರ್ ಬಿಡಿಸುವ ಅಭ್ಯಾಸವನ್ನೂ ಇದರ ಜೊತೆ ಸೇರಿಸಬೇಡಿ. ರಾತ್ರಿ ಒದ್ದೆ ಮಾಡಿಕೊಳ್ಳುವುದು ಐದು ವರ್ಷದ ತನಕ ಸಹಜ.

ಮಂಚ ಹಾಕಿದ ಕೂಡಲೇ ಕಾಟ್ ಬಿಚ್ಚಿ ಅಟ್ಟಕ್ಕೆ ಹಾಕಬೇಡಿ. ಎರಡು ಮೂರು ವಾರ ಕಳೆದರೂ ಯಾರಿಗೂ ನಿದ್ದೆ ಇಲ್ಲ, ಕಾಟ್‌ನ ಕಂಬಿ ಹತ್ತಿ ಇಳಿಯುವ ಮಗುವೂ ಅಲ್ಲ ಎಂದಾದರೆ ಮತ್ತೆ ಕಾಟ್‌ಗೇ ಹಾಕಿ, ಮೂರು ತಿಂಗಳು ಬಿಟ್ಟು ನೋಡಿ. ಮಗುವಿಗೆ ಅದು ಶಿಕ್ಷೆ ಅನಿಸದಂತೆ, ಜಗಳದ ನಡುವೆ ಅಲ್ಲದೆ, ಹಗಲಿನಲ್ಲಿ ಹೇಳಿ ಮಾಡಿ. ಎಲ್ಲ ಸರಿಹೋದ ಮೇಲೆ ಕಾಟ್ ನೆಂಟರ ಮನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಕೊಡುವ ಮುಂಚೆ ಒಂದು ಸಲ ಪರೀಕ್ಷಿಸಿ. ಕಂಬಿಗಳ ನಡುವೆ ಆರು ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಪಕ್ಕದ ಬದಿ ಮೇಲೆ ಕೆಳಗೆ ಜಾರುವ ಬಗೆಯದಾದರೆ ಯಾರಿಗೂ ಕೊಡಬೇಡಿ. ಮಕ್ಕಳು ಸಿಕ್ಕಿಕೊಂಡು ಸಾವುಗಳಾದ ಮೇಲೆ ಅಮೆರಿಕದಲ್ಲಿ ಅಂಥವುಗಳ ಮಾರಾಟವನ್ನೇ 2011ರಲ್ಲಿ ನಿಲ್ಲಿಸಿದರು. ಉಳಿದಂತೆ ಗಟ್ಟಿ ಇದ್ದರೆ, ಬಿಚ್ಚಿದ ಎಲ್ಲ ಸ್ಕ್ರೂ ಒಂದು ಚೀಲಕ್ಕೆ ಹಾಕಿ ಕಾಟ್‌ಗೇ ಕಟ್ಟಿ ಕೊಡಿ.